ಅರ್ಧ ಗಾಳಿ, ತುಂಬಿದ ಟ್ಯಾಂಕು

ಅಪ್ಪಾ,

ನೀವು ಹೋಗಿ ಎರಡೂವರೆ ವರ್ಷವಾಯಿತು. ಇದ್ದಾಗ ನನ್ನ ಪತ್ರ ಬಂದರೆ ಮೊದಲು ಬೆಳಕಿಗೆ ಹಿಡಿದು, ಲಕೋಟೆಯನ್ನು ಯಾರಾದರೂ ಒಡೆದು ಮತ್ತೆ ಅಂಟಿಸಿದ್ದಾರೆಯೇ ಎಂದು ನೋಡಿ, ಆಮೇಲೆ ಓದುತ್ತಿದ್ದಿರಂತೆ. ಅವ್ವ ಹೇಳುತ್ತಿದ್ದಳು. ಇದನ್ನು ಯಾರೂ ಒಡೆದಿಲ್ಲ. ಆಕ್ಲೆಂಡಿನ ಒನೆಹುಂಗಾದಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನಿಮ್ಮನ್ನು ಒಂದು ಮಾತು ಕೇಳಬೇಕು, ಒಂದು ಸುದ್ದಿಯನ್ನೂ ಹೇಳಬೇಕು.

ಹೋದ ವರ್ಷ, 2016ರ ಜುಲೈ ರಜೆಯಲ್ಲಿ, ನಾನು, ನಿಮ್ಮ ಸೊಸೆ ವಿಜಯಾ, ಮೊಮ್ಮಗಳು ಸಹನಾ ಮೂವರೂ ಗ್ರೀಸಿನ ಕಡೆ ಹಡಗಿನಲ್ಲಿ ಪ್ರವಾಸ ಹೋಗಿದ್ದೆವು. ಒಂದು ಬೆಳಿಗ್ಗೆ ಪಾರೋಸ್ ಎಂಬ ದ್ವೀಪದ ಮುಂದೆ ಹಡಗು ನಿಂತಿತು. ವಿಜಯಾ ಅಲೆ ಆಗಿಬರದೆ ಹಡಗಿನಲ್ಲೇ ಮಲಗಿದಳು. ನಾನೂ ಸಹನಾಳೂ ದೋಣಿಯಲ್ಲಿ ದಡಕ್ಕೆ ಇಳಿದೆವು. ಬಂದರಿನ ಹಿಂದಿನ ಓಣಿಯಲ್ಲಿ ಬಾಡಿಗೆ ಸ್ಕೂಟರಿನ ಅಂಗಡಿ. ಒಳಗಿನಿಂದ ಪಂಕ್ಚರ್ ಸೊಲ್ಯೂಷನ್ ವಾಸನೆ ಬಂತು ನೋಡಿ, ನನಗೆ ಗ್ರೀಸೂ ಇಲ್ಲ, ಸಮುದ್ರವೂ ಇಲ್ಲ. ಬೆಟಗೇರಿಯ ನಿಮ್ಮ ಬಾಡಿಗೆ ಸೈಕಲ್ ಅಂಗಡಿಯೇ ಎದುರಿಗೆ ಬಂತು.

ನೆನಪಿದೆಯೇ, ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ನೀವು ಅವನ ಚಪ್ಪಲಿ ನೋಡುತ್ತಿದ್ದಿರಿ. ಗಂಟೆ ಲೆಕ್ಕದ ಸೈಕಲ್ಲಿಗೆ ಕೈಗಡಿಯಾರವನ್ನೋ ರೇಷನ್ ಕಾರ್ಡನ್ನೋ ಒತ್ತೆ ಇಡಿಸಿಕೊಳ್ಳುತ್ತಿದ್ದಿರಿ. ಅಷ್ಟಾದರೂ ನಂಬಿಕೆ ಬರದಿದ್ದರೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಇಂವನ ಕಣ್ಣಾಗ ಲಕ್ಕುಂಡಿ ಕಾಣಾಕತ್ತೈತಿ. ಹಿಂದಿನ ಗಾಲಿಗೆ ಅರ್ಧಾ ಗಾಳಿ ಸಾಕು" ಅನ್ನುತ್ತಿದ್ದಿರಿ. ಅರ್ಧ ಗಾಳಿಯ ಸೈಕಲ್ಲು ದೂರದ ಲಕ್ಕುಂಡಿ ಇರಲಿ, ನಮ್ಮ ಊರನ್ನೂ ದಾಟುವುದಿಲ್ಲ. ಗಿರಾಕಿ ಬೆವರು ಒರೆಸಿಕೊಳ್ಳುತ್ತ ತಾನಾಗಿಯೇ ವಾಪಸು ಬರುತ್ತಾನೆ. ಬಯ್ಯುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಎಂಥ ತಲೆ ಅಪ್ಪಾ ನಿಮ್ಮದು!

ಪಾರೋಸಿನ ಅಂಗಡಿಯ ಮುದುಕ ಏನು ಒತ್ತೆ ಕೇಳಿದ ಗೊತ್ತೇ? ಏನೂ ಇಲ್ಲ. ನನ್ನ ಡ್ರೈವಿಂಗ್ ಪರ್ಮಿಟ್ ನೋಡಿ, ಹೆಸರು ಬರೆದುಕೊಂಡು, ಕೀಲಿ ಕೈಗಿಟ್ಟ. ಪೆಟ್ರೋಲಿನ ಮುಳ್ಳನ್ನು ಬೆರಳಿನಿಂದ ತಟ್ಟಿ, ಅದು ಕೆಟ್ಟಿದೆ, ಟ್ಯಾಂಕು ತುಂಬಿದೆ, ಹೋಗಿ ಬಾ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. ಒತ್ತೆ ಕೇಳದ ಬಾಡಿಗೆ ಅಂಗಡಿಯವನು! ನನ್ನ ಹೊಟ್ಟೆಯೊಳಗೆ ನೀವು ಎದ್ದು ಕೂತಿರಿ. ಸ್ಕೂಟರಿನ ಸುತ್ತ ಬಗ್ಗಿ, ಕೂತು, ಒಂದೊಂದು ಗೀರನ್ನೂ ಫೋನಿನಲ್ಲಿ ಫೋಟೋ ತೆಗೆದೆ. ನಾಳೆ ಇದನ್ನು ನೀನೇ ಮಾಡಿದ್ದು ಅಂದರೆ?

"ಡ್ಯಾಡ್, ಸೀರಿಯಸ್ಲಿ?" ಅಂದಳು ಸಹನಾ. ನಾನು ಕನ್ನಡದಲ್ಲಿ ಮಾತಾಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ, ನಿಮಗೆ ಗೊತ್ತಲ್ಲ.

"ನಿನಗ ತಿಳಿಯಂಗಿಲ್ಲ ಬಿಡವ್ವಾ. ಈ ಧಂದೆ ನಾ ಹುಟ್ಟಿದಾಗಿಂದ ನೋಡೇನಿ."

ಊರು ಬಿಟ್ಟು ಗುಡ್ಡ ಹತ್ತುವಾಗ ಚೆಂದವಿತ್ತು, ಸುಳ್ಳೇಕೆ ಹೇಳಲಿ. ಒಣ ಕಲ್ಲಿನ ಗೋಡೆಗಳು, ಆಲಿವ್ ಮರಗಳು, ಬಿಸಿಲಿಗೆ ಕಾದ ಮಣ್ಣು. ಕಪ್ಪತಗುಡ್ಡದ ದಾರಿಯೇ ಅನ್ನಿಸಿತು, ಆಚೆಗೆ ಸಮುದ್ರ ಇರುವುದೊಂದು ಬಿಟ್ಟರೆ. ಸಹನಾ ಹಿಂದೆ ಕೂತು ಎರಡೂ ಕೈ ಚಾಚಿ ಕೂಗುತ್ತಿದ್ದಳು. ಗುಡ್ಡದ ಆಚೆ ಇಳಿದರೆ ಅವಳು ಹಡಗಿನಲ್ಲೇ ಗುರುತು ಹಾಕಿಟ್ಟುಕೊಂಡಿದ್ದ ಒಂದು ಸಣ್ಣ ಕಡಲತೀರ. ಆದರೆ ನನ್ನ ಕಣ್ಣು ಮುಳ್ಳಿನ ಮೇಲೆ. ಅದು ಸೊನ್ನೆಯಿಂದ ಕದಲುತ್ತಿಲ್ಲ. ಕೆಟ್ಟಿದೆಯಂತೆ! ದೂರ ಹೋಗದಿರಲಿ ಎಂದು ಅರ್ಧ ಲೀಟರ್ ಹಾಕಿ ಕಳಿಸಿದ್ದಾನೆ, ನೀವು ಅರ್ಧ ಗಾಳಿ ಹಾಕಿಸುತ್ತಿದ್ದ ಹಾಗೆ. ಇಳಿಜಾರು ಶುರುವಾಗುವಲ್ಲಿ ನಾನು ಸ್ಕೂಟರು ತಿರುಗಿಸಿಬಿಟ್ಟೆ. "ಹಿ ಸೆಡ್ ಇಟ್ಸ್ ಫುಲ್!" ಎಂದು ಅವಳು ಬೆನ್ನಿಗೆ ಗುದ್ದಿದಳು. ನಾನು ಕೇಳಲಿಲ್ಲ.

ಪೆಟ್ರೋಲ್ ಪಂಪು ಸಿಕ್ಕಿದಾಗ ಅದು ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿತ್ತು. ಒಂದೂವರೆ ತಾಸು ಮರದ ಕೆಳಗೆ ಕಾದೆವು. ಕಡೆಗೂ ಬಂದವನು ಟ್ಯಾಂಕಿನ ಮುಚ್ಚಳ ತೆಗೆದು, ಇಣುಕಿ, ನನ್ನನ್ನೂ ಇಣುಕಲು ಕರೆದ. ಕಂಠಮಟ್ಟ ತುಂಬಿತ್ತು ಅಪ್ಪಾ. ಒಂದು ಲೋಟ ಹಿಡಿಸಲೂ ಜಾಗವಿರಲಿಲ್ಲ. ಅವನು ನಕ್ಕ. ಸಹನಾ ನಗಲಿಲ್ಲ, ಗಡಿಯಾರ ನೋಡಿಕೊಂಡಳು. ದೋಣಿಯ ಹೊತ್ತಾಗಿತ್ತು, ಕಡಲತೀರ ಅಲ್ಲಿಗೇ ಮುಗಿಯಿತು. ಅಂಗಡಿಯ ಮುದುಕ ಸ್ಕೂಟರಿನ ಕಡೆ ತಿರುಗಿಯೂ ನೋಡದೆ ಕೀಲಿಯನ್ನು ಮೊಳೆಗೆ ನೇತುಹಾಕಿದ.

ಆ ಮರದ ಕೆಳಗೆ ಕಾಯುತ್ತಿದ್ದಾಗ ನಡೆದದ್ದನ್ನು ಹೇಳಲಿಕ್ಕೇ ಈ ಪತ್ರ. ಸಹನಾ ಆ ವರ್ಷ ಶಾಲೆ ಮುಗಿಸುವವಳಿದ್ದಳು. ಮುಂದೆ ಕ್ರೈಸ್ಟ್‌ಚರ್ಚಿನಲ್ಲಿ ಓದಬೇಕೆಂದು ಅಲ್ಲಿಯ ಹಾಸ್ಟೆಲಿಗೆ ಅರ್ಜಿ ತುಂಬಿದ್ದಳು. ತಂದೆಯ ಸಹಿ ಬೇಕಿತ್ತು. ಪ್ರವಾಸ ಹೊರಡುವ ಮೊದಲು ಸಹಿ ಹಾಕಿ ಅಂಚೆಗೆ ಹಾಕಿರಿ ಎಂದು ನನ್ನ ಕೈಗೆ ಕೊಟ್ಟಿದ್ದಳು.

"ಯೂ ಪೋಸ್ಟೆಡ್ ಇಟ್, ಏ ಡ್ಯಾಡ್?" ಎಂದು ಕೇಳಿದಳು.

"ಹಾಕೇನವ್ವಾ. ಯಾಕ ಚಿಂತಿ ಮಾಡ್ತಿ?"

ಹಾಕಿರಲಿಲ್ಲ. ಅರ್ಜಿ ಆಕ್ಲೆಂಡಿನಲ್ಲಿ, ನನ್ನ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಮರೆತಿದ್ದಲ್ಲ. ಭೂಕಂಪದಲ್ಲಿ ಮುರಿದ ಊರು, ಗೊತ್ತಿಲ್ಲದ ಹುಡುಗ ಹುಡುಗಿಯರು, ವಿಮಾನ ಹತ್ತಿ ಹೋಗಬೇಕಾದ ದೂರ... ಬೇಡ ಅನ್ನುವ ಧೈರ್ಯವಿರಲಿಲ್ಲ, ಹೋಗು ಅನ್ನುವ ಮನಸ್ಸಿರಲಿಲ್ಲ. ಅರ್ಜಿ ತಲುಪದಿದ್ದರೆ ಅವಳು ತಾನಾಗಿಯೇ ಇಲ್ಲೇ ಉಳಿಯುತ್ತಾಳೆ. ಬಯ್ಯುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಸುಳ್ಳು ಹೇಳಿದ್ದು ನಾನು, ಕಳ್ಳನೆಂದು ಅನುಮಾನಿಸಿದ್ದು ಆ ಮುದುಕನನ್ನು.

ಈಗ ಕೇಳುತ್ತೇನೆ. ನಾನು ಎಕ್ಸ್-ರೇ ಕೋರ್ಸಿನ ಸಂದರ್ಶನಕ್ಕೆ ಬೆಳಗಾವಿಗೆ ಹೊರಟ ಬೆಳಿಗ್ಗೆ ನೆನಪಿದೆಯೇ? ಅಂಗಡಿಯ ಸೈಕಲ್ಲನ್ನು ನೀವೇ ಒರೆಸಿ ಕೊಟ್ಟಿರಿ. ಅರ್ಧ ದಾರಿಯಲ್ಲಿ ಹಿಂದಿನ ಗಾಲಿಯ ಗಾಳಿ ಇಳಿದು ಟೈರು ರಿಮ್ಮಿಗೆ ಕಚ್ಚಿತು. ತಳ್ಳಿಕೊಂಡು ಓಡಿ ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಒಂದು ವರ್ಷ ಹೋಯಿತು ನನಗೆ. ವಾಪಸು ಬಂದಾಗ ನೀವು ಏನೂ ಕೇಳದೆ ಗಾಲಿಗೆ ಪಂಪು ಹಚ್ಚಿದಿರಿ. ರೈಲು ಸಿಕ್ಕಿತೇ ಎಂದು ಯಾರಾದರೂ ಕೇಳುತ್ತಾರಲ್ಲವೇ? ಕೇಳದೆ ನಿಮಗೆ ಹೇಗೆ ತಿಳಿಯಿತು? ಆ ಬೆಳಿಗ್ಗೆ ನನ್ನ ಕಣ್ಣಿನಲ್ಲಿ ನೀವು ಏನು ಕಂಡಿರಿ ಅಪ್ಪಾ? ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿತ್ತು. ಈಗ ಸಿಟ್ಟೂ ಉಳಿದಿಲ್ಲ. ಅದೇ ಕೈ ನನಗೂ ಬಂದಿದೆಯಲ್ಲ ಎಂದು...

ಪ್ರವಾಸದಿಂದ ಬಂದಾಗ ಅರ್ಜಿಯ ಗಡುವಿಗೆ ಇನ್ನೂ ನಾಲ್ಕು ದಿನ ಉಳಿದಿದ್ದವು. ನಮ್ಮ ರಸ್ತೆಯ ತುದಿಗೆ ಒಂದು ಡೇರಿ ಇದೆ, ಇಲ್ಲಿ ಡೇರಿ ಎಂದರೆ ಕಿರಾಣಿ ಅಂಗಡಿ. ಅದರ ಮುಂದೆಯೇ ಅಂಚೆ ಡಬ್ಬಿ. ಆಸ್ಪತ್ರೆಯ ಕೆಲಸಕ್ಕೆ ಹೋಗುವಾಗ ನಾಲ್ಕು ದಿನವೂ ಅದನ್ನು ದಾಟಿ ಹೋದೆ. ಆಮೇಲೆ ಮೂರು ವಾರ ಸಹನಾ ಶಾಲೆಯಿಂದ ಬಂದವಳೇ ಬ್ಯಾಗು ಇಳಿಸದೆ ಗೇಟಿನ ಅಂಚೆ ಪೆಟ್ಟಿಗೆ ತೆರೆಯುತ್ತಿದ್ದಳು. ಕೊನೆಗೊಂದು ಸಂಜೆ ನೋಡಲಾಗದೆ ಅರ್ಜಿಯನ್ನು ತಂದು ಅವಳ ಮುಂದಿಟ್ಟೆ. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಯೂ ವಾಚ್ಡ್ ಮಿ ಚೆಕ್ ದ ಲೆಟರ್‌ಬಾಕ್ಸ್. ಎವ್ರಿ ಡೇ" ಅಂದಳು. ಅಷ್ಟೇ.

ಇನ್ನು ಸುದ್ದಿ. ನಿಮ್ಮ ಮೊಮ್ಮಗಳು ಓದಲು ಹೋದಳು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ತಾನೇ ಹುಡುಕಿ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿ ಒಂದು ಮನೆ ಹಿಡಿದಿದ್ದಾಳೆ, ಮೂವರು ಫ್ಲಾಟ್‌ಮೇಟುಗಳ ಜೊತೆ. ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬರುತ್ತೇನೆ ಅಂದೆ. ಟ್ಯಾಕ್ಸಿಗೆ ಹೇಳಿದ್ದೇನೆ ಅಂದಳು. ಮನೆಯ ವಿಳಾಸ ಕೊಟ್ಟಿದ್ದು ಅವಳ ಅವ್ವನಿಗೆ ಮಾತ್ರ. "ನಿಮಗ ಹೇಳಬ್ಯಾಡ ಅಂದಾಳ್ರಿ. ನನ್ನ ಕೇಳಬ್ಯಾಡ್ರಿ" ಎಂದು ವಿಜಯಾ ಕಣ್ಣು ತಪ್ಪಿಸಿದಳು.

ನನ್ನ ಮಗಳು ಯಾವ ಬಾಗಿಲ ಹಿಂದೆ ಮಲಗುತ್ತಾಳೆ ಎಂದು ನನಗೆ ಗೊತ್ತಿಲ್ಲ ಅಪ್ಪಾ. ಅವಳಾಗಿ ಹೇಳುವವರೆಗೆ ಕೇಳುವುದಿಲ್ಲ, ಇದು ನಿಮ್ಮಾಣೆ. ವಿಜಯಾ ಬೆಳಗಿನ ಪಾಳಿಯ ಕೆಲಸಗಾರರಿಗೆ ತಾನು ಮಾಡಿ ಮಾರುವ ಊಟದ ಡಬ್ಬಿ ಕೊಡಲು ಹೋಗಿದ್ದಾಳೆ, ಬರುವುದಕ್ಕೆ ಇನ್ನೂ ಅರ್ಧ ತಾಸಿದೆ. ಫೋನು ಇಲ್ಲೇ ಬಿಟ್ಟಿದ್ದಾಳೆ, ಈ ಕಾಗದದ ಪಕ್ಕದಲ್ಲೇ. ವಿಳಾಸ ಅದರೊಳಗಿದೆ. ನಾನು ನೋಡಿಲ್ಲ.