ಹದಿನೇಳನೆಯ ಪುಟದ ಬನ್ನು

ಭಾನುವಾರ, ಮಾರ್ಚ್ ಒಂಬತ್ತು

ಚೂಟಿ,

ಹೇಗಿದ್ದೀಯ ಮಗಳೇ? ನಾನು ಚೆನ್ನಾಗಿದ್ದೇನೆ, ಮಂಡಿಯೊಂದನ್ನು ಬಿಟ್ಟು. ನಿನ್ನ ಅಡುಗೆ ಪುಸ್ತಕದ ಕರಡು ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೊದಲೆರಡು ದಿನ ಓದಿದೆ. ಆಮೇಲೆ ನಿನ್ನ ಬಾಳೆಹಣ್ಣಿನ ಬ್ರೆಡ್ಡನ್ನು ಮೂರು ಸಲ ಮಾಡಿ ನೋಡಿದೆ. ಉಳಿದಷ್ಟೂ ದಿನ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನನ್ನ ದನಿ ಏರುತ್ತದೆ, ನೀನು "ಆಮೇಲೆ ಮಾತಾಡ್ತೀನಿ ಅಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಇಟ್ಟರೂ ಮೇಜಿನ ಮೇಲೆ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ನಿನ್ನ ತಿಂಡಿಗಳ ಮೇಲೆ ನನ್ನ ತಕರಾರಿಲ್ಲ. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಎಣ್ಣೆಯಂತೂ ತೊಟ್ಟೂ ಇಲ್ಲ. ಆದರೂ ತಿನ್ನುವ ಹಾಗಿದೆ. ನಾಲ್ಕು ತಿಂಗಳಿಂದ ನೀನು ಹೇಳಿದ ಹಾಗೇ ತಿನ್ನುತ್ತಿದ್ದೇನೆ, ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ಡಾಕ್ಟರೂ ಒಂದು ಮಾತ್ರೆ ಬಿಡಿಸಿದರು. ಇಪ್ಪತ್ತೇಳು ವರ್ಷ ಬ್ರೆಡ್ ಫ್ಯಾಕ್ಟರಿಯಲ್ಲಿ ವನಸ್ಪತಿಯ ಡಬ್ಬ ಎತ್ತಿದವಳು ನಾನು. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ಜಿಡ್ಡು ಉಗುರು ಸಂದಿಯಿಂದ ಹೋಗುತ್ತಿರಲಿಲ್ಲ. ಅದು ಕರುಳಿನಲ್ಲಿ ಏನು ಮಾಡುತ್ತದೆಂದು ನನಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಆದರೆ ಕೆಲಸದ ತಪ್ಪು ಕೆಲಸದ ತಪ್ಪೇ. ಎಣ್ಣೆ ಸವರದ ಟಿನ್ನಿಗೆ ಹಿಟ್ಟು ಹಾಗೇ ಸುರಿಯಿರಿ ಎಂದು ಬರೆದಿದ್ದೀಯಲ್ಲ, ನೀನು ಮಾಡಿ ನೋಡಿದ್ದೀಯಾ? ನನ್ನ ಮೊದಲ ಬ್ರೆಡ್ಡಿನ ತಳ ಟಿನ್ನಿಗೇ ಕಚ್ಚಿಕೊಂಡು, ಮೇಲಿನ ಅರ್ಧ ಮಾತ್ರ ಕೈಗೆ ಬಂತು. ಒಳಗೆ ಬೇಕಿಂಗ್ ಕಾಗದ ಹಾಸಬೇಕು. ಒಲೆಯಿಂದ ತೆಗೆದ ಮೇಲೆ ಹತ್ತು ನಿಮಿಷ ಟಿನ್ನಿನಲ್ಲೇ ಬಿಡಬೇಕು. ಪೂರ್ತಿ ಆರುವ ಮುಂಚೆ ಚಾಕು ಹಾಕಿದರೆ ಒಳಗೆಲ್ಲ ಮುದ್ದೆ. ಅಗಸೆ ಬೀಜದ ಪುಡಿಯನ್ನು ನೀರಲ್ಲಿ ಕಾಲು ಗಂಟೆ ನೆನೆಸಿ ಲೋಳೆಯಾದ ಮೇಲೆ ಹಾಕಬೇಕು, ಮೊಟ್ಟೆಯ ಕೆಲಸ ಮಾಡುವುದು ಆ ಲೋಳೆಯೇ. ನೀನು "ಪುಡಿ ಸೇರಿಸಿ" ಎಂದಷ್ಟೇ ಬರೆದು ಮುಂದೆ ಹೋಗಿದ್ದೀಯ. ನಿನ್ನ ಪುಸ್ತಕ ನಂಬಿ ಯಾವಳೋ ಮಾಡಿ, ಹಾಳಾಗಿ, ತನ್ನ ಕೈಗೇ ಶಾಪ ಹಾಕಿಕೊಳ್ಳುತ್ತಾಳೆ.

ಇವನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಕಾಗದ ಬರೆಸಿದ್ದು ಹದಿನೇಳನೆಯ ಪುಟ.

ನನ್ನ ಕನ್ನಡಕದ ಕಾಲು ಮುರಿದಿತ್ತು. ಪಕ್ಕದ ಮನೆಯ ಟೈಲರಮ್ಮ ಮಷೀನಿನ ಮೇಲೆ ಕರಡು ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಮುನ್ನುಡಿಯಲ್ಲಿ ನಿನ್ನ ಗುರುಗಳಿಗೆಲ್ಲ ವಂದನೆ. ಆಮೇಲೆ ಆ ಪುಟ ಬಂತು. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು. "ಮುಂದಕ್ಕೆ ಓದೇ" ಎಂದೆ. "ಬೇಡ ಬಿಡೇ, ಅಕ್ಷರ ಸರಿಯಾಗಿ ಮೂಡಿಲ್ಲ" ಎಂದಳು. ಸೂಜಿಯ ಕಣ್ಣಿಗೆ ಒಂದೇ ಏಟಿಗೆ ದಾರ ಪೋಣಿಸುವವಳಿಗೆ ಅಕ್ಷರ ಕಾಣಲಿಲ್ಲವಂತೆ! ಕಿತ್ತುಕೊಂಡು, ಒಂಟಿ ಕಾಲಿನ ಕನ್ನಡಕ ಹಿಡಿದುಕೊಂಡು ನಾನೇ ಓದಿದೆ.

"ನನ್ನ ಬಾಲ್ಯದಲ್ಲಿ ಬೆಳಗಿನ ತಿಂಡಿ ಎಂಬುದೇ ಇರಲಿಲ್ಲ. ಕಣ್ಣು ಬಿಟ್ಟರೆ ತಲೆಯ ಹತ್ತಿರ ಒಂದು ತಟ್ಟೆ, ಅದರಲ್ಲಿ ಫ್ಯಾಕ್ಟರಿಯ ಒಣಕಲು ಬನ್ನು, ಅದೂ ಯಾರೋ ಕಚ್ಚಿ ಬಿಟ್ಟ ಎಂಜಲು. ಕಚ್ಚಿದ ಮೂಲೆಯನ್ನು ಚಿವುಟಿ ಕಿಟಕಿಯಾಚೆ ಎಸೆದು ಉಳಿದದ್ದನ್ನು ತಿನ್ನುತ್ತಿದ್ದೆ. ಮನಸ್ಸಿರುವ ತಾಯಿಗೆ ಇಪ್ಪತ್ತು ನಿಮಿಷ ಸಿಕ್ಕೇ ಸಿಗುತ್ತದೆ."

ಎಷ್ಟು ಚೆಂದ ಬರೆದಿದ್ದೀಯ. ಓದಿಸಿದ್ದು ಸಾರ್ಥಕವಾಯಿತು.

ಟೈಲರಮ್ಮ ನನಗಿಂತ ಮೊದಲು ಉರಿದುಬಿದ್ದಳು. "ಏಳು ವರ್ಷ ಅವಳನ್ನ ಎಬ್ಬಿಸಿದ್ದು ನಾನು, ಜಡೆ ಹಾಕಿದ್ದು ನಾನು, ಸ್ಕೂಲಿಗೆ ಅಟ್ಟಿದ್ದು ನಾನು. ವಂದನೆಯಲ್ಲಿ ನನ್ನ ಹೆಸರೆಲ್ಲೇ? ಬಾಳೆಹಣ್ಣು ಮಾರೋನಿಗೂ ವಂದನೆ ಹೇಳಿದಾಳೆ!" ನಗು ಬಂತು. ಅವಳು ನಗಿಸಲಿಕ್ಕೇ ಹೇಳಿದ್ದು. ಆದರೂ ಆ ಪುಟವನ್ನು ಮತ್ತೊಮ್ಮೆ ಓದಿದೆ.

ಇಪ್ಪತ್ತು ನಿಮಿಷ. ಯಾರ ಇಪ್ಪತ್ತು ನಿಮಿಷ ಚೂಟಿ? ನಿಮ್ಮಪ್ಪ ಲಾರಿ ಹತ್ತಿದರೆ ಮೂರು ವಾರ ಮನೆಯಿಲ್ಲ. ನನ್ನ ಪಾಳಿ ಬೆಳಗಿನ ನಾಲ್ಕಕ್ಕೆ. ಒಂದು ನಿಮಿಷ ತಡವಾದರೆ ಗೇಟು ಮುಚ್ಚುತ್ತಿತ್ತು, ಮೂರು ಸಲ ಮುಚ್ಚಿದರೆ ಕೆಲಸವೇ ಮುಚ್ಚುತ್ತಿತ್ತು. ಇಪ್ಪತ್ತು ನಿಮಿಷ ಮನಸ್ಸಿನಿಂದ ಹುಟ್ಟುವುದಿಲ್ಲ. ಅದು ಒಬ್ಬರ ಕೈಯಲ್ಲಿರುತ್ತದೆ, ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ, ಕೊಡದಿದ್ದರೆ ಕಿತ್ತುಕೊಳ್ಳಬೇಕಾಗುತ್ತದೆ. ನಾವು ಕಿತ್ತುಕೊಳ್ಳಲು ಹೋದೆವು. ಅದರ ಬಗ್ಗೆ ನಿನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ನೀನು ಆರು ವರ್ಷದವಳಿದ್ದಾಗ ಹತ್ತೊಂಬತ್ತು ದಿನ ಮುಷ್ಕರವಾಯಿತಲ್ಲ, ಸಂಬಳಕ್ಕೆ ಎಂದುಕೊಂಡಿದ್ದೀಯಾ? ಅಲ್ಲ. ನಮ್ಮದು ಒಂದೇ ಬೇಡಿಕೆ: ಚಿಕ್ಕ ಮಕ್ಕಳಿರುವ ಹೆಂಗಸರ ಪಾಳಿ ನಾಲ್ಕಕ್ಕಲ್ಲ, ಎಂಟಕ್ಕೆ ಶುರುವಾಗಲಿ. ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ಏನಾದರೂ ತಿನ್ನಿಸಿ ಬರುತ್ತೇವೆ. ಅಷ್ಟೇ. ಮ್ಯಾನೇಜರು ಕನ್ನಡಕ ಒರೆಸಿಕೊಳ್ಳುತ್ತಾ, "ಜನ ಏಳೋ ಹೊತ್ತಿಗೆ ಬ್ರೆಡ್ಡು ಬಾಗಿಲಲ್ಲಿರಬೇಕು ಕಣ್ರಮ್ಮ. ನಿಮ್ಮ ಮಕ್ಕಳಿಗೋಸ್ಕರ ಊರು ಉಪವಾಸ ಬೀಳ್ಬೇಕಾ?" ಎಂದರು. ಓವನ್ ಅಕ್ಕ ಗೊತ್ತಲ್ಲ, ನಮ್ಮ ಸಂಘದ ಮುಂದಾಳು, ಮೊಣಕೈವರೆಗೆ ಸುಟ್ಟ ಕಲೆ ಇದ್ದವಳು. ಆ ತೋಳನ್ನೇ ಅವರ ಮೇಜಿನ ಮೇಲಿಟ್ಟು ಹೇಳಿದಳು: "ಊರಿನ ಮಕ್ಕಳಿಗೆಲ್ಲ ಬೆಳಿಗ್ಗೆ ಇದೆ ಸಾರ್. ಅವರಿಗೆ ಬ್ರೆಡ್ಡು ಸುಟ್ಟು ಕೊಡೋರ ಮಕ್ಕಳಿಗೆ ಮಾತ್ರ ಯಾಕಿಲ್ಲ?"

ಅವರ ಬಳಿ ಗೇಟಿನ ಬೀಗವಿತ್ತು. ಹಾಕಿದರು.

ಗೇಟಿನ ಮುಂದೆಯೇ ಕೂತೆವು. ಮಕ್ಕಳನ್ನೂ ಕರೆತಂದೆವು. ನಿನ್ನ ಪುಸ್ತಕದ ಇಪ್ಪತ್ತೆರಡನೆಯ ಪುಟದಲ್ಲಿ, "ಈ ಬಾಳೆಹಣ್ಣಿನ ಬ್ರೆಡ್ಡಿನ ರುಚಿ ಒಂದು ದಿನ ನನಗೆ ಎಲ್ಲಿಂದಲೋ ಹೊಳೆಯಿತು" ಎಂದಿದ್ದೀಯ. ಎಲ್ಲಿಂದ ಎಂದು ನಾನು ಹೇಳುತ್ತೇನೆ. ಗೇಟಿನ ಎಡಕ್ಕೆ, ಚರಂಡಿಯ ಪಕ್ಕ, ಅರ್ಧಕ್ಕೆ ಕೊಯ್ದು ಮಗುಚಿ ಹಾಕಿದ ಒಂದು ಕಬ್ಬಿಣದ ಡ್ರಮ್ಮಿನಿಂದ. ಓವನ್ ಅಕ್ಕ ಅದನ್ನೇ ಒಲೆ ಮಾಡಿದಳು. ಎಣ್ಣೆ ಇರಲಿಲ್ಲ, ಹಾಲು ಇರಲಿಲ್ಲ, ಮೊಟ್ಟೆಯ ಮಾತೇ ಇಲ್ಲ. ಹಣ್ಣಿನ ಅಂಗಡಿಯವರು ಕರ್ರಗಾದ ಬಾಳೆಹಣ್ಣು ಕೊಟ್ಟರು, ಇನ್ಯಾರೋ ಒರಟು ಗೋಧಿ ಹಿಟ್ಟು ಕೊಟ್ಟರು. ಅಗಸೆ ಬೀಜ ನೆನೆಸಿ ಅದರ ಲೋಳೆ ಹಾಕಿ ನೋಡೋಣ ಎಂದದ್ದು ನಿನ್ನ ಅಮ್ಮ, ಈ ಪುಸ್ತಕದಲ್ಲಿ ಏನೂ ಗೊತ್ತಿಲ್ಲದ ಹೆಂಗಸು. ನೀನು ಮೊದಲ ತುಂಡು ತಿಂದು, "ಅಮ್ಮಾ, ಇದು ಬಾಯಿಗೆ ಅಂಟ್ಕೊಳತ್ತೆ, ಚೂರೂ ಚೆನ್ನಾಗಿಲ್ಲ, ಇನ್ನೊಂದು ಕೊಡು" ಎಂದೆ. ಇಡೀ ಗೇಟು ನಕ್ಕಿತು. ಕಾವಲುಗಾರನೂ ನಕ್ಕು, ಆಮೇಲೆ ಮುಖ ಗಂಟು ಹಾಕಿಕೊಂಡ.

ಆ ಹತ್ತೊಂಬತ್ತು ದಿನ ಬೆಳಿಗ್ಗೆ ನಾನೇ ನಿನ್ನನ್ನು ಎಬ್ಬಿಸಿದೆ. ನಾನೇ ತಿನ್ನಿಸಿದೆ. ಜಡೆ ಹಾಕಲು ಬಾರದೆ ಟೈಲರಮ್ಮನಿಂದ ಬೈಸಿಕೊಂಡೆ. ಬದುಕಿನಲ್ಲಿ ನನಗೆ ಸಿಕ್ಕ ಬೆಳಗುಗಳು ಅವೇ, ಹತ್ತೊಂಬತ್ತು.

ನಾವು ಸೋತೆವು. ಪಾಳಿ ನಾಲ್ಕಕ್ಕೇ ಉಳಿಯಿತು. ಓವನ್ ಅಕ್ಕನನ್ನು ತೆಗೆದುಹಾಕಿದರು. ಆದರೆ ಯಜಮಾನರಿಗೆ ಮರುಕ ಬಂತಂತೆ. ನೋಟೀಸು ಬೋರ್ಡಿಗೆ ಒಂದು ಹಾಳೆ ಅಂಟಿಸಿದರು: ತಾಯಂದಿರು ಪಾಳಿ ಮುಗಿಸಿ ಹೋಗುವಾಗ ಮಗುವಿಗೊಂದರಂತೆ ಬನ್ನು ತೆಗೆದುಕೊಂಡು ಹೋಗಬಹುದು. ಬೆಳಗು ಕೇಳಿದೆವು, ಬನ್ನು ಕೊಟ್ಟರು. ನಿನ್ನ ಹದಿನೇಳನೆಯ ಪುಟದ ಬನ್ನು ಅದೇ. ಮಧ್ಯಾಹ್ನ ತಂದದ್ದು ಮಾರನೆಯ ಬೆಳಿಗ್ಗೆಗೆ ಒಣಗಿರುತ್ತಿತ್ತು, ಒಪ್ಪುತ್ತೇನೆ. ಸೋಲು ಒಣಕಲಾಗಿಯೇ ಇರುತ್ತದೆ. ಎಂಜಲಿನ ಮಾತು ಈಗ ಬೇಡ.

ಈಗ ಹೇಳು, ಮನಸ್ಸಿಲ್ಲದ ತಾಯಿ ಯಾರು? ನಿನ್ನ ಅಡುಗೆಮನೆಯಲ್ಲಿ ಓಟ್ಸಿನ ಪ್ಯಾಕೆಟ್ ಇದೆಯಲ್ಲ, ಅದರ ಬಾಯಿಗೆ ಅಂಟು ಹಾಕಿದವಳೂ ಇವತ್ತು ನಾಲ್ಕಕ್ಕೇ ಹೋಗಿರುತ್ತಾಳೆ. ಅವಳ ಮಗು ಏನು ತಿಂದಿತು? ಅವಳಿಗೂ ಇದೇ ಪುಸ್ತಕ ಕೊಟ್ಟು, ಮನಸ್ಸಿದ್ದರೆ ಸಿಗುತ್ತದೆ ಎನ್ನುತ್ತೀಯಾ? ಡಯಟಿಷಿಯನ್ ಆದವಳು ಸಕ್ಕರೆ, ಕೊಬ್ಬು, ನಾರು ಎಲ್ಲ ಅಳೆಯುತ್ತೀಯ. ಗಡಿಯಾರ ಯಾರ ಕೈಯಲ್ಲಿದೆ ಎಂದು ಮಾತ್ರ ನೋಡುವುದಿಲ್ಲ.

ಪುಸ್ತಕ ಬಿಡುಗಡೆಯ ದಿನ ವೇದಿಕೆಗೆ ಕರೆದಿದ್ದೀಯ. "ನೀನು ಸುಮ್ನೆ ಬಂದು ನಿಂತ್ಕೋ ಅಮ್ಮ, ಸಾಕು. ನಿನ್ನ ಶುಗರ್ ಹೇಗೆ ಇಳೀತು ಅಂತ ನಾನು ಹೇಳ್ತೀನಿ" ಎಂದೆಯಲ್ಲ. ನಾನು ಸುಮ್ಮನೆ ನಿಂತವಳಲ್ಲ. ಇಪ್ಪತ್ತೇಳು ವರ್ಷ ಓವನ್ನಿನ ಮುಂದೆ ನಿಂತೆ, ಹತ್ತೊಂಬತ್ತು ದಿನ ಗೇಟಿನ ಮುಂದೆ ನಿಂತೆ, ಎರಡೂ ಕಡೆ ಬಾಯಿ ಮುಚ್ಚಿಕೊಂಡಿರಲಿಲ್ಲ. ನಿನ್ನ ಪಕ್ಕದಲ್ಲಿ ಮಾದರಿಯ ಗೊಂಬೆಯಾಗಿ ನಿಲ್ಲುವುದಿಲ್ಲ.

ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದಿದ್ದೀಯ. ಅಷ್ಟರೊಳಗೆ ಮನಸ್ಸಿರುವ ತಾಯಿಯ ಸಾಲನ್ನು ಹೊಡೆದುಹಾಕು. ಬ್ರೆಡ್ಡು ಎಲ್ಲಿಂದಲೋ ಹೊಳೆಯಿತು ಎಂಬ ಕಡೆ ಡ್ರಮ್ಮಿನ ಕಥೆ ಬರಿ. ನನ್ನ ಹೆಸರು ಬೇಡ, ಓವನ್ ಅಕ್ಕನನ್ನು ನೆನೆ. ಅವಳು ಕಡೆಯವರೆಗೂ ಬೇರೆಯವರ ಮನೆಯ ಪಾತ್ರೆ ತಿಕ್ಕಿ ಸತ್ತಳು. ಟೈಲರಮ್ಮನಿಗೆ ಒಂದು ವಂದನೆ ಹಾಕು, ಇಲ್ಲದಿದ್ದರೆ ಅವಳು ನನ್ನನ್ನು ಇಲ್ಲಿ ಬಾಳಲು ಬಿಡುವುದಿಲ್ಲ. ಇಷ್ಟು ಮಾಡಿದರೆ ಬರುತ್ತೇನೆ, ಬಂದು ಮಾತಾಡುತ್ತೇನೆ. ಮಾಡದಿದ್ದರೆ ನಿನ್ನ ವೇದಿಕೆ ನಿನಗೆ, ನನ್ನ ಮಂಡಿ ನನಗೆ.

ಟೈಲರಮ್ಮನ ಅಳಿಯ ನಾಳೆ ಆ ಕಡೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಈ ಕಾಗದ, ಜೊತೆಗೆ ನಿನ್ನ ಬ್ರೆಡ್ಡು ಕಳಿಸುತ್ತಿದ್ದೇನೆ. ಮೂರನೆಯ ಸಲದ್ದು, ಕಾಗದ ಹಾಸಿ ಮಾಡಿದ್ದು. ಖರ್ಜೂರ ಸ್ವಲ್ಪ ಕಡಿಮೆ ಹಾಕಿದ್ದೇನೆ, ನಿನ್ನದು ತೀರಾ ಸಿಹಿ.

ಬೈದೆ ಎಂದು ಊಟ ಬಿಡಬೇಡ. ನೀನು ಹಿಡಿದ ಕೆಲಸ ಕೈಗೂಡಲಿ, ನಿನ್ನ ಪುಸ್ತಕ ಓದಿದವರ ಮನೆಯಲ್ಲಿ ಕಾಯಿಲೆ ಕಡಿಮೆಯಾಗಲಿ, ನಿನ್ನ ಬೆಳಗುಗಳನ್ನು ಯಾರೂ ಕಿತ್ತುಕೊಳ್ಳದಿರಲಿ.

ನಿನ್ನ
ಅಮ್ಮ

ಮತ್ತೆ: ಆ ಬನ್ನನ್ನು ಕಚ್ಚುತ್ತಿದ್ದವಳು ನಾನೇ. ದೀಪ ಹಾಕಿದರೆ ನೀನು ಏಳುತ್ತಿದ್ದೆ, ಎದ್ದರೆ ಸೆರಗು ಬಿಡುತ್ತಿರಲಿಲ್ಲ. ಅದಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು, ಕತ್ತಲಲ್ಲೇ ನಿನ್ನ ತಲೆಯ ಹತ್ತಿರ ಒಂದು ಗಳಿಗೆ ಕೂತು, ಒಂದು ಮೂಲೆ ಕಚ್ಚಿ ತಟ್ಟೆಗಿಡುತ್ತಿದ್ದೆ. ಹಸಿವಿಗಲ್ಲ. ಉಳಿದದ್ದನ್ನು ನೀನು ಎದ್ದು ತಿನ್ನುತ್ತೀಯ, ಅಲ್ಲಿಗೆ ಇಬ್ಬರೂ ಒಟ್ಟಿಗೆ ತಿಂಡಿ ತಿಂದ ಹಾಗಾಯಿತು ಎಂದು. ಏಳು ವರ್ಷ ಹಾಗೇ ಮಾಡಿದೆ. ನಿನಗೆ ಗೊತ್ತಿದೆ ಎಂದೇ ಅಂದುಕೊಂಡಿದ್ದೆ. ನೀನು ಆ ಮೂಲೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದೆ ಎಂಬುದು ಪುಸ್ತಕದಿಂದ ಗೊತ್ತಾಯಿತು. ಇದನ್ನು ಅಚ್ಚು ಹಾಕಿಸಬೇಡ. ಕಳಿಸಿರುವ ಬ್ರೆಡ್ಡು ಇಡಿಯಾಗಿದೆ, ಮೂಲೆ ಮುಟ್ಟಿಲ್ಲ.