ಕಾಲರಿನೊಳಗಿನ ಮೂರು ಹೊಲಿಗೆ

ಮಾರ್ಚ್ ೧೨, ಗುರುವಾರ
ಅಂಗಡಿಯಿಂದ, ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ,

ಅಕ್ಕ ಬರೆಯುತ್ತಿದ್ದಾಳೆ, ಬೈಯಬೇಡ. ನಿನ್ನ ಮೂರು ಪತ್ರಗಳೂ ಮೇಜಿನ ಮೇಲೆ ದೊಡ್ಡ ಕತ್ತರಿಯ ಕೆಳಗೆ ಬಿದ್ದುಕೊಂಡು ದಿನಾ ನನ್ನನ್ನೇ ನೋಡುತ್ತಿವೆ. ಇನ್ನೇನು ಅಜ್ಜನಾಗುವವನನ್ನು ಮೊಂಡ ಅನ್ನುತ್ತೀಯಲ್ಲ ಎಂದು ನೀನು ರೇಗಿದ್ದೆ. ರೇಗು, ಹೆಸರೇನೂ ಬದಲಾಗುವುದಿಲ್ಲ. ಮಗಳಿಗೆ ಏಳು ತಿಂಗಳು ತುಂಬಿತು ಎಂದು ಓದಿ ಕಣ್ಣು ಒರೆಸಿಕೊಂಡೆ. ಅವಳಿಗೆ ಹೇಳು, ಮಗುವಿಗೆ ಆರು ಅಂಗಿ ಹೊಲಿದಿಟ್ಟಿದ್ದೇನೆ, ಎಲ್ಲಕ್ಕೂ ಕಟ್ಟುವ ಲಾಡಿ, ಗುಂಡಿ ಒಂದೂ ಇಲ್ಲ.

ತಡ ಮಾಡಿದ್ದಕ್ಕೆ ಕ್ಷಮಿಸು. ಕೆಲಸ ಜಾಸ್ತಿ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಕಾರಣ ಅದಲ್ಲ. ಹೆದರಿಕೆ ಕಣೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಕೂತಿರುತ್ತಾರೆ. ಕಿವಿ ಮಂದವಂತೆ! ಮಾತ್ರೆ ತಗೊಳ್ಳಿ ಎಂದರೆ ಕೇಳುವುದಿಲ್ಲ, ಗುಟ್ಟಿನ ಮಾತಾದರೆ ಆಚೆ ಮನೆಯದೂ ಕೇಳುತ್ತದೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ನೀನು ನನಗೆ ಒಪ್ಪಿಸಿದ ಕೆಲಸ ಒಂದೇ. ಹಡಗಿನಲ್ಲಿ ಬಂದ ಮನೆಗಳವರೆಲ್ಲ, ತಮ್ಮಲ್ಲಿ ಮೊದಲು ಬಂದವನು ಸರಿಯಾದ ಪರವಾನಗಿ ಕಾಗದದ ಮೇಲೆ ಈ ದೇಶಕ್ಕೆ ಇಳಿದ ಎಂದು ಈ ತಿಂಗಳ ಇಪ್ಪತ್ತೈದಕ್ಕೆ ವಲಸೆ ಕಚೇರಿಯಲ್ಲಿ ತೋರಿಸಬೇಕು. ತೋರಿಸದಿದ್ದರೆ ಇಲ್ಲಿರುವ ಹಕ್ಕಿಲ್ಲ, ನನಗೂ ಇಲ್ಲ, ನಿನಗೂ ಇಲ್ಲ, ಹುಟ್ಟಲಿರುವ ಆ ಮಗುವಿಗೂ ಇಲ್ಲ. "ಮುತ್ತಜ್ಜನ ಪೆಟ್ಟಿಗೆ ನಿನ್ನ ಹತ್ರಾನೇ ಇದೆಯಲ್ಲ ಅಕ್ಕ, ನೀನೇ ಹುಡುಕು" ಅಂದೆ. ಹುಡುಕಿದೆ. ಹುಡುಕಬಾರದಿತ್ತು.

ಆ ಮನುಷ್ಯ ಬದುಕಿದ್ದಾಗಲೂ ಯಾರ ಕೈಗೂ ಸಿಕ್ಕವನಲ್ಲ. ಮನೆಯವರೆಲ್ಲ ನಿಂತು ತೆಗೆಸಿಕೊಂಡ ಆ ಒಂದೇ ಫೋಟೋದಲ್ಲಿ ಅವನ ಕೈ ಮಾತ್ರ ಇದೆ, ಕುರ್ಚಿಯ ಬೆನ್ನು ಹಿಡಿದದ್ದು. ಮುಖ ಚೌಕಟ್ಟಿನಾಚೆ. ನಿಮ್ಮೂರು ಯಾವುದು ಎಂದು ಯಾರು ಕೇಳಿದರೂ "ಹಡಗು" ಅನ್ನುತ್ತಿದ್ದನಂತೆ. ಬೀದಿಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಹೆಜ್ಜೆ ಮುಂದೆ ಹೋಗಿ ಆಮೇಲೆ ತಿರುಗುತ್ತಿದ್ದ. "ನಮ್ಮ ಮಾವನ ಕಿವಿಗೂ ಹೆಸರಿಗೂ ಯಾವಾಗಲೂ ಜಗಳ" ಎಂದು ಅಜ್ಜಿ ಸೆರಗು ಬಾಯಿಗಿಟ್ಟು ನಗುತ್ತಿದ್ದದ್ದು ನೆನಪಿದೆಯಾ? ನಾವೂ ನಗುತ್ತಿದ್ದೆವು.

ಈಗ ನಾನು ಮಾಡಿದ ಮೂರ್ಖತನ ಕೇಳು. ಹೋದ ತಿಂಗಳು ಮೊದಲ ಸಲ ಕಚೇರಿಗೆ ಹೋದಾಗ ಗುಮಾಸ್ತ, "ಅವರ ಕೈಬರಹ ಏನಾದ್ರೂ ಇದ್ರೆ ಕೊಡಿ, ಕೇಸು ಗಟ್ಟಿಯಾಗತ್ತೆ" ಅಂದ. ದರ್ಜಿ ಮನೆಯಲ್ಲಿ ಕೈಬರಹವೆಂದರೆ ಇನ್ನೇನು, ಅಳತೆ ಪುಸ್ತಕ! ಮೊದಲ ಪುಟದಲ್ಲೇ ಮುತ್ತಜ್ಜ ತನ್ನ ಅಳತೆಯನ್ನು ತಾನೇ ಬರೆದುಕೊಂಡಿದ್ದಾನೆ. ಎತ್ತರ ಐದು ಅಡಿ ಮೂರು ಇಂಚು, ಎದೆ ಮೂವತ್ನಾಲ್ಕು, ಭುಜ ಹದಿನೈದೂವರೆ, ಕೆಳಗೆ ಹೆಸರು, ತಾರೀಕು. ಜಂಬದಿಂದ ತೆಗೆದುಕೊಂಡು ಹೋಗಿ ಕೊಟ್ಟೆ. "ಭುಜ ನೋಡಿ ಸಾರ್, ನಮ್ಮ ತಮ್ಮಂದೂ ಅಷ್ಟೇ" ಎಂದು ಬೇರೆ ಹೇಳಿದೆ. ಅವನು ಮೊಹರು ಒತ್ತಿ, ರಸೀದಿ ಕೊಟ್ಟು, ಪುಸ್ತಕವನ್ನು ಬೀರುವಿನೊಳಗಿಟ್ಟ.

ಹೋದ ವಾರ ಹಡಗಿನ ದಾಖಲೆ ಸಿಕ್ಕಿದೆ ಎಂದು ಕರೆ ಬಂತು. ದಾಖಲೆ ಕೋಣೆಯ ಮುದುಕ ಧೂಳು ಊದಿ, ಪುಟ ತಿರುಗಿಸಿ, ಬೆರಳಿಟ್ಟು ತೋರಿಸಿದ. ಹೆಸರು ಸರಿಯಾಗಿಯೇ ಇತ್ತು, ನಮ್ಮ ಅಂಗಡಿಯ ಬೋರ್ಡಿನ ಮೇಲಿರುವ ಅದೇ ಹೆಸರು. ಖುಷಿಯಲ್ಲಿ ಆ ಮುದುಕನ ಕೈ ಹಿಡಿದುಕೊಳ್ಳುವುದೊಂದು ಬಾಕಿ. ಆಮೇಲೆ ಪಕ್ಕದ ಸಾಲುಗಳನ್ನು ಓದಿದೆ. ಎತ್ತರ ಆರಡಿಗೆ ಒಂದಿಂಚು ಕಡಿಮೆ. ಕಸುಬು ಬಡಗಿ.

ಬಡಗಿ! ನಮ್ಮ ಮನೆಯಲ್ಲಿ ಯಾರಿಗಾದರೂ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುತ್ತದಾ? ಅಪ್ಪ ಕ್ಯಾಲೆಂಡರ್ ತಗುಲಿಸಲು ಹೋಗಿ ಹೆಬ್ಬೆರಳಿಗೆ ಹೊಡೆದುಕೊಂಡು ಒಂದು ವಾರ ಕತ್ತರಿ ಹಿಡಿಯಲಿಲ್ಲ. ನನ್ನ ಮುಖ ನೋಡಿ ಆ ಮುದುಕ, "ಇಪ್ಪತ್ತೈದಕ್ಕೆ ಸಾಹೇಬ್ರು ಎಲ್ಲಾ ಕಾಗದ ಪಕ್ಕ ಪಕ್ಕ ಇಟ್ಟು ನೋಡ್ತಾರಮ್ಮ, ತಾಳೆ ಆದ್ರೆ ಮುಗೀತು" ಅಂದ. ತಾಳೆಯಾಗದಿದ್ದರೆ ಏನು ಎಂದು ನಾನು ಕೇಳಲಿಲ್ಲ.

ಮನೆಗೆ ಬಂದು ಪೆಟ್ಟಿಗೆಯಿಂದ ಅವನ ಕೋಟು ತೆಗೆದೆ. ಹಡಗಿನಿಂದ ಇಳಿಯುವಾಗ ಮೈಮೇಲಿದ್ದ ಕೋಟು ಎಂದು ನಾವು ಮುಟ್ಟಿ ಮುಟ್ಟಿ ನೋಡುತ್ತಿದ್ದೆವಲ್ಲ, ಅದೇ. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಒಂದು ದಿನವೂ ಅದನ್ನು ದರ್ಜಿಯ ಕಣ್ಣಿನಿಂದ ನೋಡಿರಲಿಲ್ಲ. ಲೈನಿಂಗ್ ಬಿಚ್ಚಿದೆ. ಭುಜ ಎರಡೂ ಕಡೆ ಒಳಗೆ ಮಡಿಸಿ ಹೊಲಿದಿದೆ, ತೋಳು ನಾಲ್ಕು ಇಂಚು ಮೇಲಕ್ಕೆ ಎತ್ತಿದೆ, ಬೆನ್ನಿನ ನಡುವೆ ಒಂದು ಅಂಗೈ ಅಗಲದಷ್ಟು ಬಟ್ಟೆ ಅಡಗಿ ಕೂತಿದೆ. ಚೊಕ್ಕವಾದ ಕೆಲಸ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಎಲ್ಲ ಬಿಡಿಸಿ ಹರಡಿ ನೋಡಿದರೆ ಮೇಜಿನ ಮೇಲೆ ಬೇರೆ ಯಾರೋ ಮಲಗಿದ್ದ, ದೊಡ್ಡ ಆಳು. ಎದ್ದುಹೋಗಿ ಬಾಗಿಲ ಚಿಲಕ ಹಾಕಿ ಬಂದೆ.

ಕಾಲರಿನ ಒಳಗೆ ಆ ಕೆಂಪು ದಾರದ ಮೂರು ಹೊಲಿಗೆ ನಿನಗೆ ನೆನಪಿರಬೇಕು. ಗುಣಾಕಾರದ ಗುರುತಿನ ಹಾಗೆ ಮೂರು, ಒಂದಕ್ಕಿಂತ ಒಂದು ಸೊಟ್ಟ. ಚಿಕ್ಕವಳಿದ್ದಾಗ ಬ್ಲೇಡು ಹಿಡಿದು ಅವನ್ನು ಕೀಳಲು ಹೋಗಿದ್ದೆ, ಅಪ್ಪ ಜೀವಮಾನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ. "ಅದನ್ನ ಮುಟ್ಟಬಾರದು ಅಂತ ನಮ್ಮಜ್ಜ ಹೇಳಿ ಹೋಗಿದ್ದಾರೆ" ಎಂದು ಕೂಗಿದ್ದರು. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಅಂಗಿ ಬಿಚ್ಚಿ ಹಾಕುತ್ತಿದ್ದನಂತೆ ಆ ಮನುಷ್ಯ. ಇವನ್ನು ಮಾತ್ರ ಯಾಕೆ ಬಿಟ್ಟ? ಆ ದಿನ ನನಗೆ ತಿಳಿಯಲಿಲ್ಲ.

ತಿಳಿದದ್ದು ಮೊನ್ನೆ ಸೋಮವಾರ. ಅಳತೆ ಪುಸ್ತಕವನ್ನು ಹೇಗಾದರೂ ವಾಪಸು ತರೋಣವೆಂದು ಕಚೇರಿಗೆ ಹೋಗಿ ಗುಮಾಸ್ತನ ಕೈಗೆ ಅರ್ಜಿ ಕೊಟ್ಟು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ಎಪ್ಪತ್ತರ ಹತ್ತಿರ, ಕೂತರೂ ನನಗಿಂತ ಒಂದು ತಲೆ ಎತ್ತರ. ಶಾಲೆಯೊಂದರಲ್ಲಿ ಗಂಟೆ ಬಾರಿಸುವ ಕೆಲಸವಂತೆ. ಬೆಂಚು ಅಲ್ಲಾಡುತ್ತಿತ್ತು. ಆಕೆ ಬಗ್ಗಿ ನೋಡಿ, "ಕಾಲು ಸಡಿಲ ಆಗಿದೆ ತಾಯಿ, ಒಂದು ಬೆಣೆ ಹೊಡೆದ್ರೆ ಸಾಕು, ಇವರಿಗೆ ಅಷ್ಟೂ ಗೊತ್ತಾಗಲ್ಲ" ಎಂದು ಒಂದು ರಟ್ಟಿನ ಚೂರು ಮಡಿಸಿ ಕೀಲಿಗೆ ತುರುಕಿದಳು. ಬೆಂಚು ನಿಂತಿತು. ಬಗ್ಗಿದಾಗ ಆಕೆಯ ರವಿಕೆಯ ತೋಳಿನ ಹೊಲಿಗೆ ಬಿಟ್ಟಿರುವುದು ಕಾಣಿಸಿತು. ನನ್ನ ಹಾಳು ಬಾಯಿ ನಿನಗೆ ಗೊತ್ತಲ್ಲ. "ಶನಿವಾರ ನಮ್ಮ ಅಂಗಡಿಗೆ ಬನ್ನಿ ಅಮ್ಮ, ಹೊಲಿದುಕೊಡ್ತೀನಿ" ಎಂದು ಬೀದಿ, ಮೂಲೆ, ಗುರುತು ಎಲ್ಲ ಹೇಳಿಬಿಟ್ಟೆ. ಬಿಟ್ಟ ಹೊಲಿಗೆ ಕಂಡರೆ ಸುಮ್ಮನಿರಲು ನಮ್ಮ ಮನೆಯಲ್ಲಿ ಯಾರಿಗೆ ಬರುತ್ತದೆ?

ಆಮೇಲೆ ಆಕೆ ತನ್ನ ಕತೆ ಹೇಳಿದಳು. "ನಮ್ಮ ಮುತ್ತಜ್ಜ ಬಡಗಿ ತಾಯಿ. ಹಡಗಲ್ಲಿ ಜ್ವರ ಬಂದು ಎಚ್ಚರ ಇಲ್ದೆ ಬಿದ್ದಿದ್ರಂತೆ. ಎದ್ದು ನೋಡಿದ್ರೆ ಕೋಟಿಲ್ಲ, ಕೋಟಿನೊಳಗಿದ್ದ ಕಾಗದ ಇಲ್ಲ. ಅಷ್ಟೊತ್ತಿಗೆ ಅವರ ಹೆಸರು ಹೇಳ್ಕೊಂಡು ಯಾರೋ ಇಳಿದು ಹೋಗಿಯಾಗಿತ್ತು. ಸಾಯೋವರೆಗೂ ಅಡಗಿಕೊಂಡೇ ಬದುಕಿದ್ರು. ನಮಗೆ ಈ ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದ್ದಾರೆ. ಗುರುತು ತನ್ನಿ ಅಂತಾರೆ. ಎಲ್ಲಿಂದ ತರ್ಲಿ? ಮುತ್ತಜ್ಜ ಹೊರಡೋ ದಿನ ಹೆಂಡತಿ ಅವರ ಕೋಟಿನ ಕಾಲರ್ ಒಳಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿ ಕೊಟ್ಟಿದ್ಲಂತೆ. ಪಾಪ, ಹೊಲಿಗೆ ಬರ್ತಿರಲಿಲ್ಲ ಅವಳಿಗೆ. ಆ ಕೋಟೇ ಸಿಕ್ಕಿದ್ರೆ ಬೇರೇನೂ ಬೇಡ."

ಮೊಂಡ, ಕೈಯಲ್ಲಿದ್ದ ರಸೀದಿಯನ್ನು ಮಡಿಸಿ ಚೀಲದ ತಳಕ್ಕೆ ತುರುಕಿದೆ. ಆಕೆ ನನ್ನ ಕಡೆ ತಿರುಗಿ, "ನಿಮ್ದು ಯಾವ ಹೆಸರು?" ಅಂದಳು. ಅದೇ ಹೊತ್ತಿಗೆ ಗುಮಾಸ್ತ ಕಿಟಕಿಯಿಂದ ಮುತ್ತಜ್ಜನ ಹೆಸರು ಕೂಗಿದ. ನಾನು ಏಳಲಿಲ್ಲ. ಎದ್ದವಳು ಆಕೆ.

"ನೀವಲ್ಲಮ್ಮ, ಕೂತ್ಕೊಳ್ಳಿ. ಅದೇ ಹೆಸರಿನ ಮೇಲೆ ಇನ್ನೊಂದು ಮನೆಯವರ ಅರ್ಜಿ ಇದೆ" ಅಂದ ಗುಮಾಸ್ತ. ಆಕೆ ಕೂರಲಿಲ್ಲ. ನಿಂತುಕೊಂಡು ಆ ಹಜಾರದಲ್ಲಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು. "ಇಲ್ಲೇ ಇದ್ದಾರೆ" ಎಂದಳು, ಮೆಲ್ಲಗೆ, ನನಗೇ ಹೇಳುವ ಹಾಗೆ. ನಾನು ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ. ಪುಸ್ತಕ ಅಲ್ಲೇ ಇದೆ. ಬೀದಿ ದಾಟುವಾಗ ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿದ ಹಾಗಾಯಿತು. ಮೂರು ಹೆಜ್ಜೆ ಹೋಗಿ ತಿರುಗಿದೆ. ಯಾರೂ ಇರಲಿಲ್ಲ.

ಅವತ್ತಿನಿಂದ ಬಾಗಿಲ ಸದ್ದಾದರೆ ಮೊದಲು ಕಿಟಕಿಯಿಂದ ಇಣುಕುತ್ತೇನೆ. ಶನಿವಾರ ಆಕೆ ಬರುತ್ತಾಳೆ, ತಲೆ ಎತ್ತಿದರೆ ಬೋರ್ಡು ಕಾಣುತ್ತದೆ. ಬಣ್ಣ ಹೊಡೆಸಬೇಕು ಎಂದು ನಿನ್ನ ಭಾವನಿಗೆ ಹೇಳಿ ಬೋರ್ಡಿಗೆ ಹಳೇ ಪರದೆ ಕಟ್ಟಿಸಿದ್ದೇನೆ. "ಯಾವ ಬಣ್ಣ?" ಎಂದು ದಿನಾ ಕೇಳುತ್ತಾರೆ. ಆ ಬಡಗಿ ಹೇಗೂ ಸಾಯುತ್ತಾನೆ, ಸತ್ತವನಿಗೆ ಕಾಗದ ಯಾಕೆ ಎಂದುಕೊಂಡು ಮುತ್ತಜ್ಜ ತೆಗೆದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಂದೊಂದು ಸಲ ಅವನ ಮೇಲೆ ಎಂಥಾ ಸಿಟ್ಟು ಬರುತ್ತದೆಂದರೆ, ಆ ಫೋಟೋದಿಂದ ಕೈ ಹಿಡಿದು ಈಚೆಗೆ ಎಳೆದು ಕೇಳೋಣ ಅನ್ನಿಸುತ್ತದೆ. ಆದರೆ ಅವನು ಆ ಕಾಗದ ತೆಗೆಯದಿದ್ದರೆ ಅಜ್ಜ ಇಲ್ಲ, ಅಪ್ಪ ಇಲ್ಲ, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ನಾನೂ ಇಲ್ಲ. ಹೇಳಿದರೆ ನಿನ್ನ ಮಗಳು ಎಲ್ಲಿ ಹೆರುತ್ತಾಳೋ ಗೊತ್ತಿಲ್ಲ. ಹೇಳದಿದ್ದರೆ ಆ ಗಂಟೆ ಬಾರಿಸುವ ಹೆಂಗಸು ಎಪ್ಪತ್ತನೇ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತಾಳೆ? ಯಾರ ಹತ್ತಿರವೂ ಕೇಳುವ ಹಾಗಿಲ್ಲ, ಅದಕ್ಕೇ ನಿನಗೆ ಬರೆದೆ.

ಕೋಟು ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದ್ದೇನೆ. ಈ ಪತ್ರ ಓದಿ ಮುಗಿದ ಮೇಲೆ ಹರಿದು ಹಾಕು. ಮಗಳ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂರಬೇಡ, ನಿನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ. ಅವಳಿಗೆ ಹೆರಿಗೆ ಸಲೀಸಾಗಲಿ. ಹುಟ್ಟುವ ಕೂಸು ಯಾರು ಹೆಸರು ಕೂಗಿದರೂ ತಟ್ಟನೆ ತಿರುಗಿ ನೋಡಲಿ. ನಿನ್ನ ಹೆಂಡತಿಗೆ, ನಿನಗೆ ನನ್ನ ಆಶೀರ್ವಾದ.

ನಿನ್ನ
ಅಕ್ಕ

ತಾ.ಕ.: ಕೋಟಿನ ವಿಷಯ ಬರೆಯುವಾಗ ಒಂದನ್ನು ನುಂಗಿಕೊಂಡೆ. ಸೋಮವಾರ ಮನೆಗೆ ಬಂದವಳೇ, ಚಪ್ಪಲಿ ಕೂಡ ಬಿಡದೆ, ಪೆಟ್ಟಿಗೆ ತೆಗೆದು ಆ ಮೂರು ಹೊಲಿಗೆಗಳನ್ನು ಬಿಚ್ಚಿಬಿಟ್ಟೆ. ಮುತ್ತಜ್ಜ ಸಾಯುವವರೆಗೆ ಮುಟ್ಟದ್ದನ್ನು, ಅಪ್ಪ ನನಗೆ ಹೊಡೆದು ಉಳಿಸಿಕೊಂಡದ್ದನ್ನು, ಚಹಾ ಕುದಿಯುವಷ್ಟರಲ್ಲಿ ಮುಗಿಸಿದೆ. ಅವನು ಕಾಗದ ಕದ್ದ, ಗುರುತು ಉಳಿಸಿದ. ನಾನು ಅದನ್ನೂ ಉಳಿಸಲಿಲ್ಲ. ಆಮೇಲೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದೆ, ಉಗುರಿನಿಂದ ತೀಡಿದೆ. ಹನ್ನೆರಡು ತೂತು ಹಾಗೇ ಇವೆ.

ಕೆಂಪು ದಾರ ಈ ಲಕೋಟೆಯಲ್ಲಿದೆ. ಒಲೆಗೆ ಹಾಕಲು ಹೋದೆ, ಕೈ ಬಿಡಲಿಲ್ಲ. ನಿನ್ನ ಹತ್ತಿರ ಇರಲಿ. ಇಪ್ಪತ್ತೈದಕ್ಕೆ ಬರುವಾಗ ತಂದರೆ ತಾ, ಇಲ್ಲವೆಂದರೆ ಬಿಡು. ಈ ಸಲ ನೀನು ಹೇಳಿದ ಹಾಗೆ ಕೇಳುತ್ತೇನೆ. ಶನಿವಾರ ಮಾತ್ರ ನಾನೊಬ್ಬಳೇ ಆಕೆಯ ತೋಳು ಹಿಡಿದು ಹೊಲಿಯಬೇಕು. ನಿನ್ನೆಯಿಂದ ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದೇನೆ ಕಣೋ. ಒಳಗೆ ಹೋಗುತ್ತಲೇ ಇಲ್ಲ.