ಹಾಜರಿಯಲ್ಲಿ ಬಿಟ್ಟ ಹೆಸರು

ಆಗಸ್ಟ್ 12, ಮಂಗಳವಾರ

ಬೆಳಿಗ್ಗೆ ಹಾಸ್ಟೆಲ್ ಮೆಟ್ಟಿಲ ಗೋಡೆಗೆ ಹೊಸ ಹಸಿರು ಬಾಣಗಳನ್ನು ಅಂಟಿಸಿದ್ದರು. ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸಕ್ಕೆ, ಇವತ್ತಿನ ಡ್ರಿಲ್‌ಗೆ. ಊರುಗೋಲು ಹಿಡಿದು ನಡೆಯುವ ನನ್ನ ರೂಮ್‌ಮೇಟ್ ಭುವನಾ ಇಳಿದರೆ ತಡವಾಗುತ್ತದೆ, ರೂಮಿನಲ್ಲೇ ಇರಲಿ ಎಂದರು ವಾರ್ಡನ್.

"ನೀ ಓಗಕ್ಕಾ. ನಿಜವಾಗ್ಲೂ ಬೆಂಕಿ ಬಿದ್ರೆ ಇಲ್ಲೇ ಕುಂತಿರಾಕೆ ನಂಗೂ ಪ್ರಾಕ್ಟೀಸ್ ಆಯ್ತೈತೆ," ಎಂದು ಭುವನಾ ನಕ್ಕಳು.

ನಾನು ಬಾಣಗಳನ್ನು ನೋಡುತ್ತಾ ಇಳಿದೆ. ಅಂಗಳದಲ್ಲಿ ಹಾಜರಿ ಕರೆಯುವಾಗ ಅವಳ ಹೆಸರನ್ನೇ ಬಿಟ್ಟರು. ಎಲ್ಲರೂ ಸೇಫ್ ಎಂದು ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ. ಮೂರನೇ ಮಹಡಿಯ ಕಿಟಕಿಯಿಂದ ಅವಳು ನಮ್ಮನ್ನೇ ನೋಡುತ್ತಿದ್ದಳು.

ನಿಜವಾದ ಬೆಂಕಿಯ ದಿನವೂ ಹೀಗೇ ಆಗುತ್ತದೆ. ವಾರ್ಡನ್‌ಗೆ ಎದುರು ಹೇಳುವ ಧೈರ್ಯ ನನಗೆ ಎಂದೂ ಬರುವುದಿಲ್ಲ. ಮುಂದಿನ ಸಲ ಡ್ರಿಲ್‌ನ ಗಂಟೆ ಹೊಡೆದಾಗ ನಾನು ಇಳಿಯುವುದಿಲ್ಲ, ಅವಳ ಪಕ್ಕದಲ್ಲೇ ಕೂರುತ್ತೇನೆ. ಹಾಜರಿಯಲ್ಲಿ ನನ್ನ ಹೆಸರು ಕರೆದು, ನಾನಿಲ್ಲದ್ದು ಕಂಡು, ಹುಡುಕಿಕೊಂಡು ಅವರೇ ಮೇಲೆ ಬರಲಿ.